ರಾಜಧಾನಿಯ ಸುರಂಗವೂ ಸಗರನಾಡಿನ ಹಳಿಯೂ

ಬೆಂಗಳೂರಿನಲ್ಲಿ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೋ ಮಾರ್ಗದ ಸುರಂಗ ಕೊರೆಯುವ ಕಾರ್ಯವು 2024ನೆಯ ಇಸವಿಯ ಅಕ್ಟೋಬರದಲ್ಲಿ ಮುಗಿಯಿತೆಂಬುದನ್ನು ವಾಚಕರು ಬಲ್ಲರು. 21 ಕಿ.ಮೀ.ಗಳಿಗೆ ತುಸು ಮಿಗಿಲಾದ ಈ ಮಾರ್ಗದಲ್ಲಿ ಸುಮಾರು 14 ಕಿ.ಮೀ.ಗಳು ನೆಲದಡಿಯಲ್ಲಿವೆ, 18 ನಿಲ್ದಾಣಗಳ ಪೈಕಿ 12 ಭೂಗರ್ಭದವು. ಒಂಬತ್ತು ಯಂತ್ರಗಳು 2020ರಿಂದ ಹಗಲಿರುಳು ಗಟ್ಟಿ ಬಂಡೆಯನ್ನು ಕೊರೆದು ಈ ಕಾರ್ಯವನ್ನು ಸಾಧಿಸಿದವು. ಇದು ನಮ್ಮ ನಾಡಿನ ಯಂತ್ರಶಿಲ್ಪಿಗಳಿಗೂ ಕೂಲಿಕಾರರಿಗೂ ಭೂಷಣವೇ ಸರಿ.

ಇಂಥ ಮಾರ್ಗದ ಅವಶ್ಯಕತೆಯನ್ನು ನಾವು ಅಲ್ಲಗಳೆಯುವದಿಲ್ಲ. ಶಿವಾಜಿನಗರದ ಓಣಿಗಳಲ್ಲಿ ರಸ್ತೆಯನ್ನು ಅಗಲಿಸಬೇಕೆಂದರೆ ಮನೆ ಅಂಗಡಿಗಳನ್ನು ಕೆಡಹಬೇಕಾಗುವದು. ಅಂಥಲ್ಲಿ ನೆಲದಡಿಯ ದಾರಿಯೇ ಲೇಸೆಂದು ಲಂಡನ್ ಪಟ್ಟಣವು 1863ರಲ್ಲಿಯೂ ಕಲಕತ್ತೆಯು 1984ರಲ್ಲಿಯೂ ತೋರಿಸಿಕೊಟ್ಟವು.

ಆದರೆ ಇಂಥ ಯೋಜನೆಯನ್ನು ಹೂಡುವವರು ಪಟ್ಟಣದ ಜನಸಂಖ್ಯೆಯು ಇಂತಿಷ್ಟು ಬೆಳೆಯುವದೆಂದು ಮೊದಲೇ ಲೆಕ್ಕ ಹಾಕಿಬಿಡುತ್ತಾರೆ. ಆ ಜನರು ಎಲ್ಲಿಂದ, ಏತಕ್ಕಾಗಿ ಬರುವರೆಂಬ ಪ್ರಶ್ನೆಯನ್ನು ಕೇಳುವದಿಲ್ಲ. ಉತ್ತರವನ್ನು ಯಾದಗಿರಿಯ ನಿಲ್ದಾಣದಲ್ಲಿ ಒಂದು ರಾತ್ರಿ ನಿಂತವನು ಕೊಡಬಲ್ಲನು. ಸುರಪುರ, ಶಹಾಪುರಗಳ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು, ಕೂಸುಗಳನ್ನು ಬಗಲಲ್ಲಿಟ್ಟುಕೊಂಡು ಗುಳೆ ಹೊರಟವರು ಅಲ್ಲಿ ಬೆಂಗಳೂರಿನ ಗಾಡಿಯನ್ನು ಕಾಯುತ್ತಿರುತ್ತಾರೆ. ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿಯೇ ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಸೇರಿಸಿತ್ತು.

ಮುಂಬಯಿ–ಮದರಾಸು ಹಳಿಯು 1871ರಲ್ಲಿ ಕೂಡಿದಂದಿನಿಂದ ಯಾದಗಿರಿಯು ರೈಲನ್ನು ಬಲ್ಲದು. ಆದರೆ ಸುರಪುರದವನು ಸುಮಾರು ಐವತ್ತು ಕಿಲೋಮೀಟರು ನಡೆದೋ ಬಸ್ಸೇರಿಯೋ ಭೀಮೆಯನ್ನು ದಾಟಿಯೇ ಆ ಗಾಡಿಯನ್ನು ಕಾಣಬೇಕಾಯಿತು. ಈ ಕೊರತೆಯನ್ನು ನೀಗಲೆಂದೇ ಲಿಂಗಸುಗೂರು, ಸುರಪುರ, ಶಹಾಪುರಗಳ ಮೇಲೆ ಹಾಯುವ ಸುಮಾರು 257 ಕಿ.ಮೀ.ಗಳ ಗದಗ–ವಾಡಿ ಮಾರ್ಗಕ್ಕೆ 2013–14ರಲ್ಲಿ ಮಂಜೂರಾತಿ ದೊರೆಯಿತು. ಬೆಂಗಳೂರಿನ ಮೆಟ್ರೋದ ಎರಡನೆಯ ಹಂತಕ್ಕೆ ಕೇಂದ್ರ ಸರಕಾರವು 26,405 ಕೋಟಿ ರೂಪಾಯಿಗಳ ಅಂದಾಜಿನೊಡನೆ ಒಪ್ಪಿಗೆಯಿತ್ತದ್ದು 2014ರಲ್ಲಿ. ಅಂದರೆ ಎರಡೂ ಯೋಜನೆಗಳು ಹೆಚ್ಚು ಕಡಿಮೆ ಸಮವಯಸ್ಕವಾದವು. ಅಲ್ಲಿ ಬಂಡೆಯೊಳಗಿನ ಸುರಂಗವು ಮುಗಿಯಿತು. ಇಲ್ಲಿ ಬಯಲಿನ ಮೇಲಿನ ಹಳಿಯಲ್ಲಿ ತಳಕಲ್ಲಿನಿಂದ ಕುಷ್ಟಗಿಯವರೆಗೆ ಗಾಡಿ ಓಡಿದ್ದು 2025ರ ಮೇ ತಿಂಗಳಲ್ಲಿ!

ಈ ಅಂತರಕ್ಕೆ ಕಾರಣವು ಭೂಮಿಯ ಗುಣವಲ್ಲ, ಏರ್ಪಾಡಿನ ಗುಣ. ಮೆಟ್ರೋಗೆ ಅದೊಂದೇ ಕಾರ್ಯವನ್ನು ನೋಡಿಕೊಳ್ಳುವ ನಿಗಮವಿದೆ. ಕೇಂದ್ರ ರಾಜ್ಯಗಳೆರಡರ ಬಂಡವಾಳವಿದೆ. ಸುರಂಗವುಳ್ಳ ಈ ಮಾರ್ಗಕ್ಕಂತೂ ಐರೋಪ್ಯ ಹೂಡಿಕೆ ಬ್ಯಾಂಕಿನಿಂದಲೇ 50 ಕೋಟಿ ಯುರೋಗಳ ಸಾಲವು ಗೊತ್ತಾಯಿತು. ಗದಗ–ವಾಡಿಯಾದರೋ ವರುಷ ವರುಷದ ಮುಂಗಡಪತ್ರದ ಕೃಪೆಯನ್ನು ಕಾಯಬೇಕು. ಅರ್ಧ ವೆಚ್ಚವನ್ನೂ ಭೂಮಿಯನ್ನೂ ರಾಜ್ಯವು ಕೊಡತಕ್ಕದ್ದೆಂದು ಕರಾರಾದ ಮೇಲೆ, ಭೂಸ್ವಾಧೀನದ ಕಾಗದಗಳು ಕಚೇರಿಯಲ್ಲಿ ಕುಳಿತಷ್ಟು ದಿನ ಹಳಿಯೂ ಕುಳಿತಿರುವದು.

ಆದುದರಿಂದ ನಮ್ಮ ಬೇಡಿಕೆಯು ಸರಳವಾದುದು. ರಾಜಧಾನಿಯ ಸುರಂಗಕ್ಕೆ ಒಂದು ಕಾಸನ್ನೂ ಕಡಿಮೆ ಮಾಡಬೇಕಾಗಿಲ್ಲ. ಅದಕ್ಕೆ ದೊರೆತ ಏರ್ಪಾಡನ್ನೇ ಗದಗ–ವಾಡಿಗೂ ಕೊಡಲಿ: ಹೊಣೆ ಹೊರುವ ಒಂದೇ ಸಂಸ್ಥೆ, ಪೂರ್ಣ ಕಾರ್ಯಕ್ಕೆ ಸಾಲುವ ಹಣ, ತಾಲೂಕುವಾರು ಪ್ರಕಟಿಸಿದ ಗಡುವು. ರೈತನಿಗೆ ಭೂಮಿಯ ಬೆಲೆಯು ಅಲೆದಾಟವಿಲ್ಲದೆ ಮುಟ್ಟುವಂತೆ ಮಾಡುವದು ಅಧಿಕಾರಿಗಳ ಕೈಯಲ್ಲಿದೆ. ಗಡುವು ತಪ್ಪಿದಾಗ ಕೇಳುವದು ನಮ್ಮ ಪೌರರ ಕೈಯಲ್ಲಿದೆ. ಹತ್ತಿಯೂ ತೊಗರಿಯೂ ಶಹಾಪುರದಲ್ಲಿಯೇ ಗಾಡಿಯೇರಿ, ಗಿರಣಿಗಳು ಇಲ್ಲಿಯೇ ತಲೆಯೆತ್ತಿದರೆ ಗುಳೆಯು ತಗ್ಗುವದು. ಇಲ್ಲವಾದರೆ ಈ ನಾಡಿನ ಮಕ್ಕಳು ಮುಂದಿನ ಸುರಂಗವನ್ನು ತೋಡಲು ಬೆಂಗಳೂರಿಗೇ ಹೋಗುವರು. ಅವರನ್ನು ಹೊತ್ತ ಪಟ್ಟಣವು ಅದರಾಚೆ ಇನ್ನೊಂದನ್ನು ಬೇಡುವದು.