ಮಾಳಿಗೆಗೆ ಆಸಿಡ್ ಸುರಿಯಬೇಡಿ

ಮಾಳಿಗೆಯ ಕಪ್ಪು ಪಾಚಿಗೆ ಆಸಿಡ್ ಸುರಿದು ತಂತಿ ಬ್ರಷ್‌ನಿಂದ ಉಜ್ಜಬೇಕೆಂಬ ನಿಮ್ಮ ಲೇಖನದ ಸಲಹೆ ಬೀದರ್, ಭಾಲ್ಕಿಯ ಮನೆಗಳನ್ನು ಹಾಳುಮಾಡುವಂಥದ್ದು. ಆಸಿಡ್ ಬಿದ್ದೊಡನೆ ಬುಸುಬುಸು ಏಳುವ ನೊರೆ ಪಾಚಿ ಸಾಯುವ ಲಕ್ಷಣವಲ್ಲ. ಸಿಮೆಂಟು, ಗಾರೆಯ ಸುಣ್ಣ ಕರಗುತ್ತಿರುವ ಗುರುತು. ಹಾಗೆ ಒರಟಾದ ಜಾಗದಲ್ಲೇ ಮುಂದಿನ ಮಳೆಗಾಲ ಪಾಚಿ ಇನ್ನೂ ದಟ್ಟವಾಗಿ ಹಿಡಿಯುತ್ತದೆ.

ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಆಸಿಡ್ ಹಾಕಿ ಎಂಬ ಮಾತಂತೂ ಅಕ್ಷಮ್ಯ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದು ಇದೇ ಅನಿಲ.

ಪಾಚಿ ತೆಗೆಯಲು, ಮಳೆ ಬಿಟ್ಟು ಮಾಳಿಗೆ ಪೂರ್ತಿ ಒಣಗಿದ ಮೇಲೆ ಹತ್ತಿ. ಒದ್ದೆ ಪಾಚಿ ಜಾರುತ್ತದೆ. ಅಂಚಿಗೆ ಬೆನ್ನು ಹಾಕಿ ಹಿಂದೆ ಸರಿಯಬೇಡಿ. ಒಣ ಪಾಚಿಯನ್ನು ಗಟ್ಟಿ ಕಸಬರಿಗೆಯಿಂದ ಕೆರೆದು ಗುಡಿಸಿ. ಉಳಿದ ಕಲೆಗೆ ತೆಳುವಾಗಿ ಕಲಸಿದ ಬ್ಲೀಚಿಂಗ್ ನೀರಷ್ಟೇ ಸಾಕು: ಕೈಗವಸು ತೊಟ್ಟು ಹಾಕಿ, ಕಾಲು ಗಂಟೆ ಬಿಟ್ಟು, ನೀರು ಹೊಯ್ದು ತೊಳೆಯಿರಿ. ಮಳೆನೀರು ಸಂಗ್ರಹಿಸುವವರು ಮೊದಲು ಟಾಕಿಯ ಪೈಪು ಬೇರೆಡೆ ತಿರುಗಿಸಬೇಕು. ಔರಾದ್ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಿಗೆ ಇದ್ಯಾವುದೂ ಬೇಡ. ಕಳೆ ಕಿತ್ತು, ಹೊಸ ಮಣ್ಣು ಹಾಕಿ ತುಳಿಸಿದರಾಯಿತು.

ನೀರು ನಿಲ್ಲುವ ತಗ್ಗು ಮುಚ್ಚದೆ, ನೀರು ಹರಿದುಹೋಗುವ ದೋಣಿಯ ಬಾಯಿಯ ಕಸ ತೆಗೆಯದೆ ಎಷ್ಟು ತೊಳೆದರೂ ಪಾಚಿ ಮರಳುತ್ತದೆ. ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ತಿದ್ದುಪಡಿ ಪ್ರಕಟಿಸಿ.