ಪಂದ್ಯಾಟಗಳೂ ಬೆಳೆಯುವ ಬಾಲಕರೂ

ಪ್ರೌಢಶಾಲೆಯ ಆಟದ ತಂಡಗಳನ್ನು ವಯಸ್ಸಿನ ಮೇಲೆ ವಿಂಗಡಿಸುವುದು ರೂಢಿ. ಆದರೆ ಒಂದೇ ವಯಸ್ಸಿನ ಬಾಲಕರೆಲ್ಲರ ದೇಹವೂ ಒಂದೇ ಹಂತದಲ್ಲಿರುವುದಿಲ್ಲ. ಹದಿನಾಲ್ಕರ ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ. ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ತಂಡಕ್ಕೆ ಸೇರುವವನು ಪ್ರಾಯಶಃ ಮೊದಲನೆಯವನು. ಎರಡನೆಯವನ ಪಾಲಿಗೆ ಚಪ್ಪಾಳೆ ತಟ್ಟುವ ಕೆಲಸ. ಈ ಪದ್ಧತಿಯನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಬಾಲಕರ ಎತ್ತರವು ಅತಿ ವೇಗವಾಗಿ ಹೆಚ್ಚುವುದು ಸರಾಸರಿ 14ನೆಯ ವಯಸ್ಸಿನ ಸುಮಾರಿನಲ್ಲಿ. ಆಗ ವರ್ಷಕ್ಕೆ 9–10 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಕೆಲವರಿಗೆ ಈ ಕಾಲ 12ರಲ್ಲಿಯೇ ಬರುತ್ತದೆ, ಕೆಲವರಿಗೆ 16ರ ಹೊತ್ತಿಗೆ, ಎರಡೂ ಸಹಜವೇ. ಎಲುಬುಗಳು ಮೊದಲು ನೀಳವಾಗುತ್ತವೆ, ಸ್ನಾಯುಬಲವು ಅನಂತರ ಬಂದು ಕೂಡುತ್ತದೆ. ಈ ನಡುವಣ ತಿಂಗಳುಗಳಲ್ಲಿ ಚುರುಕಾದ ಹುಡುಗನೂ ಕೊಂಚ ತಡವರಿಸಬಹುದು. ಇದನ್ನು ಅಸಾಮರ್ಥ್ಯವೆಂದು ತಿಳಿಯುವುದು ತಪ್ಪು.

1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿಯಿಂದ ಆರಂಭ. ಶ್ರೇಷ್ಠ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. ಕೆಲವು ತಿಂಗಳುಗಳ ಹಿರಿತನವೇ ಪ್ರತಿಭೆಯಂತೆ ತೋರಿತ್ತು. ಆಯ್ಕೆಯಾದವರಿಗೆ ಹೆಚ್ಚಿನ ಶಿಕ್ಷಣ ದೊರೆತು ಆ ಅಂತರ ಇನ್ನೂ ಬೆಳೆದಿತ್ತು.

ಪಂದ್ಯಾಟಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುತ್ತಿಲ್ಲ. ಓಟ, ನೆಗೆತಗಳಿಂದ ಬೆಳೆಯುವ ಎಲುಬು ಗಟ್ಟಿಯಾಗುತ್ತದೆ. ಎಳೆತನದಿಂದ ಟೆನಿಸ್ ಆಡಿದವರಲ್ಲಿ ಆಡುವ ತೋಳಿನ ಎಲುಬು ಮತ್ತೊಂದಕ್ಕಿಂತ ಬಲವಾಗಿರುವುದು ಇದಕ್ಕೆ ಸಾಕ್ಷಿ. ಆದರೆ ಎಲುಬಿನ ತುದಿಗಳಲ್ಲಿರುವ, ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯು ಒಂದೇ ಬಗೆಯ ಒತ್ತಡವನ್ನು ಸತತವಾಗಿ ತಾಳಲಾರದು. ಆದುದರಿಂದಲೇ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್, 2007ರಿಂದ ಒಬ್ಬ ಹುಡುಗ ದಿನಕ್ಕೆ ಎಷ್ಟು ಸಲ ಚೆಂಡೆಸೆಯಬಹುದೆಂಬುದಕ್ಕೆ ಮಿತಿ ಹಾಕಿದೆ. 11–12ರ ವಯಸ್ಸಿನವರಿಗೆ ಆ ಮಿತಿ 85.

ಶಾಲೆಯ ಕೀರ್ತಿಗೆ ಗೆಲುವು ಬೇಡವೇ ಎಂದು ಕೇಳುವವರುಂಟು. ಬೇಕು, ತಂಡಗಳೂ ಇರಲಿ. ಆದರೆ ಹನ್ನೊಂದು ಜನರ ಗೆಲುವಿಗಾಗಿ ಉಳಿದ ನೂರಾರು ಹುಡುಗರ ಮೈದಾನವನ್ನು ಕಿತ್ತುಕೊಳ್ಳುವುದು ಸಲ್ಲದು. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ಮಾತು ಗೆದ್ದವರಿಗೆ ಮಾತ್ರ ಅನ್ವಯಿಸುವುದಲ್ಲ. ಖೊ ಖೊ, ಕಬಡ್ಡಿ, ಲಗೋರಿಗಳಿಗೆ ಹೆಚ್ಚು ಹಣ ಬೇಡ; ಓಡುವುದು, ತಪ್ಪಿಸಿಕೊಳ್ಳುವುದು, ಗುರಿಯಿಡುವುದು ಎಲ್ಲವೂ ಅವುಗಳಲ್ಲಿವೆ.

ಹದಿನಾರು ತುಂಬುವ ಮುನ್ನ ಯಾವ ಬಾಲಕನನ್ನೂ ಆಟಕ್ಕೆ ಬಾರದವನೆಂದು ತಳ್ಳಿಹಾಕಬಾರದು. ಹಲವು ಆಟಗಳನ್ನು ಆಡುವ ಅವಕಾಶ ಪ್ರತಿಯೊಬ್ಬನಿಗೂ ಇರಬೇಕು. ಈ ವರ್ಷ ತಂಡದಿಂದ ಹೊರಗುಳಿದ ವಿದ್ಯಾರ್ಥಿಗಳು ಮೈದಾನಕ್ಕೆ ಬೆನ್ನು ತಿರುಗಿಸದಿರಲಿ. ಅವರ ಬೆಳವಣಿಗೆ ಇನ್ನೂ ಮುಗಿದಿಲ್ಲ.