ಬನ್ನಿನೊಳಗಿನ ಬ್ರಾಂಚ್ ಆಫೀಸು

ಮಕ್ಕಳೇ, ಕೊಟ್ಟೂರಿನಲ್ಲೋ ಹಡಗಲಿಯಲ್ಲೋ ಬೇಕರಿ ಬನ್ನು ತಿಂದೇ ಇರುತ್ತೀರಿ. ಅದನ್ನು ಉಬ್ಬಿಸುವುದು ಯೀಸ್ಟ್, ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿ. ಹಿಟ್ಟಿನ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಬನ್ನಿನ ತೂತುಗಳೆಲ್ಲ ಅದರ ಗುರುತೇ.

ಆ ಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ. ಆಮ್ಲಜನಕ ಬಳಸಿ ಆಹಾರದಿಂದ ಶಕ್ತಿ ತೆಗೆಯುವುದು ಅವುಗಳ ಕೆಲಸ. ನಿಮ್ಮಲ್ಲೂ ನನ್ನಲ್ಲೂ ಇವೆ. ಬ್ಯಾಂಕಿನ ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಕೋಶಕೇಂದ್ರ ಹೆಡ್ ಆಫೀಸು, ಮೈಟೊಕಾಂಡ್ರಿಯ ಬ್ರಾಂಚು. ಬ್ರಾಂಚಿಗೆ ತನ್ನದೇ ಚಿಕ್ಕ ಡಿಎನ್‌ಎ ಇದೆ. ಪ್ರೋಟೀನು ತಯಾರಿಸಲು ತನ್ನದೇ ಯಂತ್ರವೂ ಇದೆ, ಅದೇ ರೈಬೋಸೋಮ್.

ಯೀಸ್ಟಿನ ಈ ಯಂತ್ರದಲ್ಲಿ ಸುಮಾರು 80 ಪ್ರೋಟೀನುಗಳಿವೆ. ಅವುಗಳಲ್ಲಿ ಸ್ಥಳೀಯ ನೇಮಕಾತಿ ಒಂದೇ ಒಂದು, ವಾರ್-1 ಎಂಬುದು. ಮಿಕ್ಕವೆಲ್ಲ ಹೆಡ್ ಆಫೀಸಿನ ಆದೇಶದಂತೆ ಹೊರಗೆ ತಯಾರಾಗಿ, ಬ್ರಾಂಚಿನ ಬಾಗಿಲು ದಾಟಿ ಒಳಬರುತ್ತವೆ. ನಮ್ಮ ಮೈಯಲ್ಲಂತೂ ಆ ಒಬ್ಬ ಸ್ಥಳೀಯನೂ ಇಲ್ಲ. ಇಷ್ಟು ಸಿಬ್ಬಂದಿ ಸೇರಿ ತಯಾರಿಸುವುದು 8 ಬಗೆಯ ಪ್ರೋಟೀನು, ಅದರಲ್ಲೊಂದು ಆ ವಾರ್-1! 80 ಜನ ಕೂತು 8 ವೋಚರ್ ಬರೆದರೆ ನಮ್ಮ ಕಾಲದ ಇನ್‌ಸ್ಪೆಕ್ಟರು ಸುಮ್ಮನಿರುತ್ತಿರಲಿಲ್ಲ. ಆದರೆ ಉಳಿದ ಏಳೂ ಉಸಿರಾಟದ ಯಂತ್ರದ ಬಿಡಿಭಾಗಗಳು. ಅವಿಲ್ಲದಿದ್ದರೆ ಆಮ್ಲಜನಕವಿದ್ದೂ ಉಪಯೋಗವಿಲ್ಲ.

ಈ ಸಿಬ್ಬಂದಿಯಲ್ಲಿ ಮುಖ್ಯವಾದ ಒಂದು ಪ್ರೋಟೀನು ಕೆಟ್ಟರೆ ನಾವು ಕಾಯಿಲೆ ಬೀಳುತ್ತೇವೆ. ಯೀಸ್ಟ್ ಹಾಗಲ್ಲ. ಸಕ್ಕರೆ ಸಿಕ್ಕರೆ ಹುದುಗಿಸಿಕೊಂಡೇ ಬದುಕುತ್ತದೆ, ಬೆಳವಣಿಗೆ ಮಾತ್ರ ಕುಂಠಿತ. ಉಸಿರಾಟ ಕೆಟ್ಟ ಇಂಥ ಕುಳ್ಳ ಯೀಸ್ಟುಗಳನ್ನು 1949ರಲ್ಲಿ ಪ್ಯಾರಿಸ್ಸಿನ ಬೋರಿಸ್ ಎಫ್ರುಸ್ಸಿ ವಿವರಿಸಿದರು. ಕೆಟ್ಟರೂ ಸಾಯದಿರುವುದರಿಂದಲೇ ವಿಜ್ಞಾನಿಗಳಿಗೆ ಯೀಸ್ಟ್ ಅಚ್ಚುಮೆಚ್ಚು. ನನ್ನ ವಯಸ್ಸಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೋಟೀನುಗಳು ಆ ಬಾಗಿಲು ದಾಟುವ ಬಗೆಯನ್ನು ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ ಯೀಸ್ಟಿನಲ್ಲೇ ಅಭ್ಯಾಸ ಮಾಡಿದೆ.

ಇನ್ನು ಅಜ್ಜ-ಅಜ್ಜಿಯರಿಗೆ. ಮೈಟೊಕಾಂಡ್ರಿಯದ ಮೂಲ ಪುರುಷ ಒಂದು ಬ್ಯಾಕ್ಟೀರಿಯ. ಇಂದಿಗೂ ಅದರ ರೈಬೋಸೋಮಿಗೆ ಆ ಮನೆತನದ ಹೋಲಿಕೆ ಇದೆ. ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಗುಳಿಗೆ ಬ್ಯಾಕ್ಟೀರಿಯದ ರೈಬೋಸೋಮನ್ನು ತಡೆಯುವಾಗ ನಮ್ಮ ಬ್ರಾಂಚಿನದಕ್ಕೂ ಸ್ವಲ್ಪ ಪೆಟ್ಟು ಬೀಳುತ್ತದೆ. ತಿಂಗಳುಗಟ್ಟಲೆ ನುಂಗುವವರಿಗೆ ರಕ್ತಕಣ ಇಳಿಯಬಹುದು, ಪಾದ ಜೋಮು ಹಿಡಿಯಬಹುದು, ಕಣ್ಣು ಮಂಜಾಗಬಹುದು. ಡಾಕ್ಟರು ಪದೇ ಪದೇ ರಕ್ತ ಪರೀಕ್ಷೆ ಬರೆಯುವುದು ಅದಕ್ಕೇ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ಜೋಮು ಬಂದ ದಿನವೇ ಡಾಕ್ಟರಿಗೆ ಹೇಳಿ. ಮೊಮ್ಮಕ್ಕಳೇ, ಪರೀಕ್ಷೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ನಿಮ್ಮದು.